ಎಂ.ಎ. ರಾಜ್ಯಶಾಸ್ತ್ರ ಓದಿದ್ರೆ ಊರಿಗೆ ಏನು ಉಪಯೋಗ?

ತಿಕೋಟಾ, ಬಬಲೇಶ್ವರದ ಕಡೆ ಬಿ.ಎ. ಮುಗಿಸಿದ ಹುಡುಗಿ ಮನೆಯಲ್ಲಿ "ರಾಜ್ಯಶಾಸ್ತ್ರದಾಗ ಎಂ.ಎ. ಮಾಡ್ತೀನ್ರಿ ಅಪ್ಪಾ" ಅಂದ್ರೆ ಮೊದಲು ಬರೋ ಮಾತು, "ಅದನ್ನ ಓದಿ ಏನ್ ಮಾಡ್ತಿ? ಎಲೆಕ್ಷನ್‌ಗೆ ನಿಲ್ತೀಯೇನು?" ಇವತ್ತಿನ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನೇ ಗಂಭೀರವಾಗಿ ತಗೊಳ್ಳೋಣ.

ಮೊದಲು ನೇರ ಮಾತು. ಚುನಾವಣೆಗೆ ನಿಲ್ಲೋಕೆ ಎಂ.ಎ. ಬೇಕಾಗಿಲ್ಲ. ಗ್ರಾಮ ಪಂಚಾಯಿತಿಗೆ 21 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಪಿಡಿಒ, ಕೆಎಎಸ್ ಪರೀಕ್ಷೆಗೂ ಡಿಗ್ರಿ ಸಾಕು. ಎಂ.ಎ. ಕಡ್ಡಾಯ ಆಗೋದು ಪಾಠ ಮಾಡೋ ಕೆಲಸಕ್ಕೆ. ಪಿಯು ಉಪನ್ಯಾಸಕರಾಗೋಕೆ ಅದರ ಜೊತೆ ಬಿ.ಎಡ್. ಬೇಕು, ಡಿಗ್ರಿ ಕಾಲೇಜಿಗೆ ನೆಟ್ ಅಥವಾ ಕೆ-ಸೆಟ್. ಹಾಗಾಗಿ "ಎಂ.ಎ. ಆದ್ರೆ ನೌಕರಿ ಗ್ಯಾರಂಟಿ" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಮತ್ತೆ ಎರಡು ವರ್ಷ ಯಾಕೆ ಓದಬೇಕು? ನೀರಿನಿಂದ ಶುರು ಮಾಡೋಣ. ತಿಕೋಟಾ ಅಂದ್ರೆ ದ್ರಾಕ್ಷಿ, ಒಣದ್ರಾಕ್ಷಿ. ಈ ಭಾಗದ ಹೊಲಗಳಿಗೆ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಎತ್ತಿ ತರ್ತಾರೆ. ಇದೇ ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರ್‌ನಿಂದ 524.256 ಮೀಟರ್‌ವರೆಗೆ ನೀರು ನಿಲ್ಲಿಸಬಹುದು ಅಂತ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಹೇಳಿತು. ಆದರೆ ಅದು ಜಾರಿ ಆಗಬೇಕಾದ್ರೆ ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟ ಆಗಬೇಕು. ಅದಕ್ಕೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಇಲ್ಲೇ ಇರೋದು ಮಜಾ. ನದಿ ನೀರಿನ ಜಗಳದಿಂದ ಕೋರ್ಟುಗಳನ್ನ ದೂರ ಇಡೋ ಅಧಿಕಾರವನ್ನ ಸಂವಿಧಾನದ 262ನೇ ವಿಧಿ ಸಂಸತ್ತಿಗೆ ಕೊಟ್ಟಿದೆ, ಸಂಸತ್ತು ಹಾಗೇ ಕಾನೂನೂ ಮಾಡಿದೆ. ಹಾಗಿದ್ದೂ ಕೋರ್ಟ್ ಹೇಗೆ ಬಂತು? ಒಕ್ಕೂಟ ವ್ಯವಸ್ಥೆಯ ಕ್ಲಾಸಿನಲ್ಲಿ ಇದನ್ನ ಕೇಳಿ ನೋಡಿ, ಒಂದು ಪೀರಿಯಡ್ ಸಾಲೋದಿಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡೋ ವಿಷಯ ನಿಮ್ಮ ಅಪ್ಪನ ದ್ರಾಕ್ಷಿ ಪಡದ ವಿಷಯವೂ ಹೌದು.

ಇನ್ನೊಂದು ಉದಾಹರಣೆ ತಾಲ್ಲೂಕಿನದ್ದು. 2017ರ ರಾಜ್ಯ ಬಜೆಟ್‌ನಲ್ಲಿ 49 ಹೊಸ ತಾಲ್ಲೂಕುಗಳನ್ನ ಘೋಷಿಸಿದ್ರು, ಅದರಲ್ಲಿ ತಿಕೋಟಾ, ಬಬಲೇಶ್ವರ ಎರಡೂ ಇದ್ದವು. ಊರಲ್ಲಿ ಪಟಾಕಿ ಹೊಡೆಯೋ ಸುದ್ದಿ. ಆದರೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆ ಅದಕ್ಕೂ ಮೊದಲು, 2016ರಲ್ಲೇ ಆಗಿತ್ತು. ಆ ಸದಸ್ಯರ ಅವಧಿ 2021ರಲ್ಲಿ ಮುಗೀತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಆಡಳಿತಾಧಿಕಾರಿಗಳದ್ದೇ ಕಾರುಬಾರು. ಐದು ವರ್ಷ ಮುಗಿಯೋದರ ಒಳಗೆ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತೆ. ತಾಲ್ಲೂಕು ಬಂತು, ತಾಲ್ಲೂಕಿಗೆ ಜನ ಆರಿಸಿದ ಧ್ವನಿ ಬರಲಿಲ್ಲ. ಇದನ್ನ ಬಸ್‌ಸ್ಟ್ಯಾಂಡಿನಲ್ಲಿ ಬೈದಾಡೋಕೂ, ಯಾವ ವಿಧಿ, ಯಾರ ಜವಾಬ್ದಾರಿ ಅಂತ ಅರ್ಜಿಯಲ್ಲಿ ಬರೆಯೋಕೂ ವ್ಯತ್ಯಾಸ ಇದೆ.

ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಅಂತ ರಾಜ್ಯದ ಕಾನೂನು 2010ರಲ್ಲೇ ಮಾಡಿತು. ಕುರ್ಚಿಯಲ್ಲಿ ಹೆಂಡತಿ, ಮಾತಾಡೋದು ಗಂಡ. ಈ ದೃಶ್ಯ ನೋಡದವರು ಯಾರಿದ್ದಾರೆ ಹೇಳಿ. ನಡಾವಳಿ ಓದೋಕೆ, ಕ್ರಿಯಾ ಯೋಜನೆಯಲ್ಲಿ ಯಾವ ದುಡ್ಡು ಯಾವ ಕೆಲಸಕ್ಕೆ ಅಂತ ಬಿಡಿಸಿ ಹೇಳೋಕೆ ಓಣಿಯಲ್ಲಿ ಒಬ್ಬ ಓದಿದ ಹುಡುಗಿ ಇದ್ದರೆ ಆ ಅಕ್ಕ ಗಂಡನ ಮುಖ ನೋಡಬೇಕಾಗಿಲ್ಲ. ನನಗೆ ನಾಯಕತ್ವ ಅಂದ್ರೆ ಮೊದಲು ಇದೇ. ಫ್ಲೆಕ್ಸ್ ಹಾಕಿಸೋದು ಆಮೇಲಿನ ಮಾತು.

ಎಲ್ಲಿ ಓದೋದು? ಹೆಣ್ಣುಮಕ್ಕಳಿಗೆ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ, 2003ರಲ್ಲಿ ಶುರುವಾದದ್ದು. ತಿಕೋಟಾದಿಂದ ವಿಜಯಪುರಕ್ಕೆ ಬರೋ ಅಥಣಿ ರಸ್ತೆಯಲ್ಲೇ ಸಿಗುತ್ತೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಟಿಕೆಟ್ಟೂ ಉಚಿತ, ಮನೆಯಲ್ಲಿ ಖರ್ಚಿನ ನೆಪ ಒಂದು ಕಡಿಮೆ. ಹುಡುಗರಿಗೆ ಈ ಜಿಲ್ಲೆ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತೆ.

ಅಡ್ಮಿಷನ್ ಮಾಡಿಸೋ ಮೊದಲು ಸಿಲೆಬಸ್ ತರಿಸಿಕೊಂಡು ಎರಡು ವಿಷಯ ನೋಡಿ: ಸ್ಥಳೀಯ ಸರ್ಕಾರದ ಪತ್ರಿಕೆ ಇದೆಯಾ, ಕೊನೆಯಲ್ಲಿ ಪ್ರಬಂಧ ಬರೆಸ್ತಾರಾ. ಬರೆಸೋದಾದ್ರೆ ವಿಷಯ ಹುಡುಕೋಕೆ ದೂರ ಹೋಗಬೇಡಿ. ನಿಮ್ಮೂರಿನ ಕಳೆದ ಐದು ವರ್ಷದ ಗ್ರಾಮಸಭೆ ನಡಾವಳಿ ಕೇಳಿ. ಕೊಡಲಿಲ್ಲ ಅಂದ್ರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು.