ಎದೆಬಡಿತ ಏರಿದಾಗ ಈಮಾನನ್ನು ಅಳೆಯಬೇಡಿ

ಬೆಳಿಗ್ಗೆ ಹುಲಿಗಿಯಿಂದ ಹೊಸಪೇಟೆಯ ಬಸ್ಸಿನಲ್ಲಿ ನೀವು ಕುಳಿತಿದ್ದೀರಿ ಎಂದುಕೊಳ್ಳಿ. ಚೀಲದಲ್ಲಿ ತಿದ್ದಿ ಮುಗಿಯದ ಉತ್ತರ ಪತ್ರಿಕೆಗಳಿವೆ. ರಾತ್ರಿ ರೊಟ್ಟಿ, ಪಾತ್ರೆ, ಮಕ್ಕಳ ಪಾಠ ಎಂದು ಮಲಗುವಾಗ ಹನ್ನೆರಡಾಗಿತ್ತು. ಹುಣ್ಣಿಮೆಯ ದಿನವಾದ್ದರಿಂದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನದಿಯ ಸೇತುವೆ ಬರುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳತೊಡಗುತ್ತದೆ. ಉಸಿರು ಸಿಗುವುದಿಲ್ಲ, ಬೆರಳು ಜೋಮು ಹಿಡಿಯುತ್ತದೆ, ಮೈಯೆಲ್ಲ ಬೆವರು. 'ಇನ್ನು ನಾನು ಉಳಿಯುವುದಿಲ್ಲ' ಎಂದು ಕಲಿಮಾ ಹೇಳತೊಡಗುತ್ತೀರಿ. ಅರ್ಧ ಗಂಟೆಯೊಳಗೆ ಎಲ್ಲವೂ ಇಳಿಯುತ್ತದೆ. ಉಳಿಯುವುದು ಭಯ ಮಾತ್ರ: ನಾಳೆ ಮತ್ತೆ ಬಂದರೆ?

ನನ್ನ ಜೊತೆ ಕಲಿಸುತ್ತಿದ್ದ ಸಹೋದರಿಯೊಬ್ಬರಿಗೆ ಹೀಗೇ ಆಯಿತು. ಮನೆಯಲ್ಲಿ ಕೆಲವರು ನಝರ್ ಆಗಿದೆ ಎಂದರು, ಕೆಲವರು ತಾಯಿತ ತಂದರು. ಒಬ್ಬರಂತೂ "ತವಕ್ಕುಲ್ ಇದ್ದವರಿಗೆ ಇಂಥ ಭಯ ಬರುತ್ತದೆಯೇ?" ಎಂದು ಕೇಳಿಯೇ ಬಿಟ್ಟರು. ಕಾಯಿಲೆಗಿಂತ ಆ ಮಾತು ಅವರನ್ನು ಹೆಚ್ಚು ಕುಗ್ಗಿಸಿತು.

ಸಹೋದರಿಯರೇ, ಮಗನ ಅಗಲಿಕೆಯ ದುಃಖದಲ್ಲಿ ಹಝ್ರತ್ ಯಅ್‌ಕೂಬ್(ಅ)ರ ಕಣ್ಣುಗಳೇ ಬಿಳಿಚಿಹೋದವು ಎಂದು ಸೂರಃ ಯೂಸುಫ್ ತಿಳಿಸುತ್ತದೆ. ಅವರ ಈಮಾನ್ ದುರ್ಬಲವಾಗಿತ್ತು ಎನ್ನಲು ಯಾರಿಗಾದರೂ ಬಾಯಿ ಬರುತ್ತದೆಯೇ? ಚಿಂತೆ ಮತ್ತು ದುಃಖದಿಂದ ಸ್ವತಃ ಪ್ರವಾದಿ(ಸ)ರು ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ರೋಗಕ್ಕೆ ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ಅವರೇ.

ವೈದ್ಯರು ಇದನ್ನು 'ಪ್ಯಾನಿಕ್ ಅಟ್ಯಾಕ್' ಎನ್ನುತ್ತಾರೆ. ಹಾವು ಕಂಡಾಗ ಓಡಲು ದೇಹ ಸಿದ್ಧವಾಗುತ್ತದಲ್ಲ, ಅದೇ ವ್ಯವಸ್ಥೆ ಹಾವಿಲ್ಲದೆಯೂ ಕೆರಳುವುದು. ತಿಂಗಳುಗಟ್ಟಲೆ ಕೆಲಸದ ಒತ್ತಡ, ನಿದ್ದೆಗೇಡು ಇದ್ದರೆ ಅದು ಬೇಗ ಕೆರಳುತ್ತದೆ. ಬಿರುಸಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್ ಇಳಿಯುವುದರಿಂದ ಬೆರಳು ಜೋಮು ಹಿಡಿಯುತ್ತದೆ, ತಲೆ ತಿರುಗುತ್ತದೆ. ಸಾಮಾನ್ಯವಾಗಿ ಸುಮಾರು ಹತ್ತು ನಿಮಿಷದೊಳಗೆ ತುತ್ತತುದಿಗೇರಿ ನಂತರ ಇಳಿಯುತ್ತದೆ.

ಆದರೆ ಮೊದಲ ಸಲ ಬಂದಾಗ 'ಇದು ಮನಸ್ಸಿನದ್ದು' ಎಂದು ನೀವೇ ತೀರ್ಮಾನಿಸಬೇಡಿ. ಇಸಿಜಿ ಮಾಡಿಸಿ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸಿ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂಬುದು ನಿಮಗೆ ಗೊತ್ತೇ ಇದೆ. ಅದರಿಂದಲೂ ಎದೆ ಬಡಿದುಕೊಳ್ಳುತ್ತದೆ.

ಹೃದಯ ಸರಿಯಿದೆ ಎಂದು ಖಚಿತವಾದ ಮೇಲೆ, ಮತ್ತೆ ಬಂದಾಗ ಇದ್ದಲ್ಲೇ ಕುಳಿತು ನಾಲ್ಕು ಎಣಿಸುತ್ತಾ ಉಸಿರೆಳೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ತಣ್ಣೀರಿನಿಂದ ವುಝೂ ಮಾಡಬಹುದು. ಬಸ್ಸಿನಿಂದ ಇಳಿದು ಓಡಿಹೋಗಬೇಡಿ. ಇವತ್ತು ಬಸ್ಸು ಬಿಟ್ಟರೆ ನಾಳೆ ಸಂತೆ, ನಾಡಿದ್ದು ಮದುವೆ ಮನೆ ಬಿಟ್ಟುಹೋಗುತ್ತದೆ. ಸುಜೂದಿನಲ್ಲಿ ತಲೆ ಸುತ್ತಿತೆಂದು ನಮಾಝನ್ನೇ ಬಿಟ್ಟು, ಆಮೇಲೆ ಆ ಪಾಪಭಾವದಲ್ಲಿ ಇನ್ನಷ್ಟು ಬೆಂದವರನ್ನು ನಾನು ಕಂಡಿದ್ದೇನೆ. ನಿಲ್ಲಲಾಗದ ರೋಗಿಗೆ ಕುಳಿತು ನಮಾಝ್ ಮಾಡುವ ರಿಯಾಯಿತಿ ಇದೆಯಲ್ಲವೇ?

ಮದ್ರಸಾದಲ್ಲಿ ನಮಗೆ ಇಬ್ನು ಸೀನಾರ ಹೆಸರು ಹೇಳಿಕೊಟ್ಟರು, ಅಬೂ ಝೈದ್ ಅಲ್ ಬಲ್ಖಿಯವರದನ್ನು ಹೇಳಲಿಲ್ಲ. ಕ್ರಿ.ಶ. 934ರಲ್ಲಿ ತೀರಿಕೊಂಡ ಈ ವಿದ್ವಾಂಸರು ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಒಂದು ಗ್ರಂಥ ಬರೆದು, ಅದರಲ್ಲಿ ಭಯ ಮತ್ತು ಗಾಬರಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾರೆ. ಆಪತ್ಕಾಲಕ್ಕೆಂದು ಮನೆಯಲ್ಲಿ ಔಷಧಿ ಇಟ್ಟುಕೊಳ್ಳುವಂತೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ವಿಚಾರಗಳನ್ನು ಕೂಡಿಟ್ಟುಕೊಳ್ಳಿ ಎಂಬುದು ಅವರ ಸಲಹೆ. 'ಇದು ಹಿಂದೆಯೂ ಬಂದಿತ್ತು, ಹೋಯಿತು' ಎಂಬ ಒಂದು ಸಾಲನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ.

ಇನ್ನು ಚಿಕಿತ್ಸೆ. ನಮ್ಮ ಭಾಗದವರು ಇದಕ್ಕೆ ನಾಚಬೇಕಾಗಿಯೇ ಇಲ್ಲ. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ತಲುಪಿಸುವ ಪ್ರಯೋಗವನ್ನು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಡೆಸಿದ್ದು ಹೊಳೆಯಾಚೆಯ ಬಳ್ಳಾರಿ ಜಿಲ್ಲೆಯಲ್ಲಿ. ಆಗ ಹೊಸಪೇಟೆಯೂ ಅದೇ ಜಿಲ್ಲೆಯಲ್ಲಿತ್ತು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಅದನ್ನೇ ಆಧರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇಂದು ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೊರಗೆ ಹೋಗಲು ಸಂಕೋಚವೆನಿಸಿದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಉಚಿತ ಟೆಲಿ ಮಾನಸ್ ಸೇವೆ, ಕನ್ನಡದಲ್ಲೇ ಮಾತನಾಡಬಹುದು.

ಆಪ್ತ ಸಮಾಲೋಚನೆಯಿಂದಲೇ ಹಲವರು ಗುಣವಾಗುತ್ತಾರೆ. ಗುಳಿಗೆ ಕೊಟ್ಟರೆ ಪರಿಣಾಮ ಕಾಣಲು ಕೆಲವು ವಾರ ಬೇಕು, ಕೇಳದೆ ನಿಲ್ಲಿಸಬೇಡಿ. ಮೆಡಿಕಲ್ ಅಂಗಡಿಯಿಂದ ನೀವೇ ನಿದ್ದೆ ಮಾತ್ರೆ ತಂದು ನುಂಗಬೇಡಿ, ಅವು ಚಟವಾಗುತ್ತವೆ. ರಮಝಾನಿನಲ್ಲಿ ಸಹ್ರಿ, ಇಫ್ತಾರ್‌ಗೆ ಹೊಂದಿಸಿಕೊಡಲು ವೈದ್ಯರನ್ನೇ ಕೇಳಿ.

ಆದರೆ ಗುಳಿಗೆ ಉತ್ತರ ಪತ್ರಿಕೆಗಳನ್ನು ತಿದ್ದಿಕೊಡುವುದಿಲ್ಲ. ಹೊರಗೆ ಎಂಟು ಗಂಟೆ ದುಡಿದು ಬಂದವಳು ಒಳಗೂ ಒಬ್ಬಳೇ ದುಡಿಯಬೇಕು ಎಂದು ಯಾರು ಹೇಳಿದರು? ಪ್ರವಾದಿ(ಸ)ರು ಮನೆಗೆಲಸದಲ್ಲಿ ತೊಡಗುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಈ ಸುನ್ನತ್ತಿನ ಬಗ್ಗೆ ನಮ್ಮ ಪುರುಷರು ಅಷ್ಟಾಗಿ ಮಾತನಾಡುವುದಿಲ್ಲ, ಏಕೋ!

ಆ ಸಹೋದರಿ ಈಗಲೂ ಕಲಿಸುತ್ತಿದ್ದಾರೆ. ಒಂದು ತರಗತಿ ಕಡಿಮೆ ಮಾಡಿಸಿಕೊಂಡರು, ರಾತ್ರಿಯ ಪಾತ್ರೆಗಳನ್ನು ಪತಿಯೇ ತೊಳೆಯುತ್ತಾರೆ. ಸೇತುವೆ ಬಂದಾಗ ಈಗಲೂ ಒಮ್ಮೊಮ್ಮೆ ಎದೆ ಬಡಿದುಕೊಳ್ಳುತ್ತದಂತೆ. ಆಗ ಆರರವರೆಗೆ ಎಣಿಸುತ್ತಾ ಉಸಿರು ಬಿಡುತ್ತಾರೆ, ಅಷ್ಟರಲ್ಲಿ ಆಚೆ ದಡ ಬಂದಿರುತ್ತದೆ.