ನಕಲು ಮಾಡಿ, ಹಂಚಿ: ಹಳೇ ಪೋಸ್ಟರಿನಲ್ಲಿ ಹೊಸ ತಂತ್ರಾಂಶ

ಫೇಸ್‌ಬುಕ್, ಯೂಟ್ಯೂಬ್, ಸ್ಕೈಪ್‌ಗಳು ನಮ್ಮ ತಾತಂದಿರ ಕಾಲದಲ್ಲೇ ಇದ್ದಿದ್ದರೆ ಅವುಗಳ ಜಾಹೀರಾತು ಹೇಗಿರುತ್ತಿತ್ತು? 2010ರಲ್ಲಿ ಬ್ರೆಜಿಲ್‌ನ ಮೊಮಾ ಎಂಬ ಜಾಹೀರಾತು ಸಂಸ್ಥೆ ಅದನ್ನು ಬರೆದೇ ತೋರಿಸಿತು. ಮಾಸಿದ ಬಣ್ಣ, ಕೈಯಿಂದ ಬಿಡಿಸಿದಂಥ ಚಿತ್ರ, ಉತ್ಸಾಹ ಉಕ್ಕುವ ಉದ್ದನೆಯ ಒಕ್ಕಣೆ. ಎಲ್ಲವೂ ಬೇಗ ಹಳತಾಗುತ್ತದೆ ಎಂಬುದು ಆ ಸರಣಿಯ ಹೂರಣ. 2016ರಲ್ಲಿ ನಾಸಾದ ಜೆಪಿಎಲ್ ಪ್ರಯೋಗಾಲಯವೂ ಹಳೆಯ ಪ್ರವಾಸಿ ಪೋಸ್ಟರ್‌ಗಳ ಧಾಟಿಯಲ್ಲಿ ದೂರದ ಗ್ರಹಗಳಿಗೆ ಆಹ್ವಾನ ಕೊಟ್ಟಿತು. ಬೇಕಾದವರು ಇಳಿಸಿಕೊಂಡು ಮುದ್ರಿಸಿಕೊಳ್ಳಲಿ ಎಂದು ಅವನ್ನು ಉಚಿತವಾಗಿ ಬಿಟ್ಟಿತು.

ಆದರೆ ಈ ಧಾಟಿ ಚೆನ್ನಾಗಿ ಒಪ್ಪುವುದು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ, ಆದರೆ ಜಾಹೀರಾತಿಗೆಂದು ದುಡ್ಡು ಎತ್ತಿಡಲಾಗದ ಮುಕ್ತ ತಂತ್ರಾಂಶಗಳಿಗೆ.

ವಿಡಿಯೊ ನೋಡುವ ವಿಎಲ್‌ಸಿ, ಚಿತ್ರ ತಿದ್ದುವ ಗಿಂಪ್, ಕಚೇರಿ ಕೆಲಸದ ಲಿಬ್ರೆ ಆಫೀಸ್‌ಗಳ ಹೆಸರು ಊರೂರಿಗೆ ತಲುಪಿದ್ದು ಬಹುಮಟ್ಟಿಗೆ ಬಾಯಿಂದ ಬಾಯಿಗೆ. ಬಳಸುವವರೇ ಜಾಹೀರಾತುದಾರರಾದ ದೊಡ್ಡ ಉದಾಹರಣೆ ಫೈರ್‌ಫಾಕ್ಸ್ ಬ್ರೌಸರಿನದು. 2004ರ ನವೆಂಬರ್ 9ರಂದು ಅದರ 1.0 ಆವೃತ್ತಿ ಹೊರಬಂತು. ಅದಕ್ಕೆ ಮುಂಚೆಯೇ ಅಭಿಮಾನಿಗಳು ಜಾಹೀರಾತಿಗೆಂದು ಚಂದಾ ಎತ್ತಿದ್ದರು. ಹತ್ತೇ ದಿನದಲ್ಲಿ ಸುಮಾರು 2.5 ಲಕ್ಷ ಡಾಲರ್ ಕೂಡಿತ್ತು. ಡಿಸೆಂಬರ್ 16ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಎರಡು ಪುಟಗಳ ತುಂಬ ಫೈರ್‌ಫಾಕ್ಸ್ ಜಾಹೀರಾತು. ಅದರೊಳಗೆ ಚಂದಾ ಕೊಟ್ಟ ಸುಮಾರು 10,000 ಮಂದಿಯ ಹೆಸರುಗಳನ್ನು ಸಣ್ಣಕ್ಷರದಲ್ಲಿ ಒತ್ತೊತ್ತಾಗಿ ಜೋಡಿಸಿದ್ದರು.

ಹಳೇ ಧಾಟಿಯ ಮಾತಿಗೆ ಮರಳಿದರೆ, ಕನ್ನಡದ ಹಳೆಯ ಜಾಹೀರಾತುಗಳಿಗೆ ತಮ್ಮದೇ ಮಾತುಗಾರಿಕೆ ಇತ್ತು. ಸೋಪು, ತಲೆಗೆಣ್ಣೆ, ಊದುಬತ್ತಿ, ಬೀಡಿ ಯಾವುದೇ ಇರಲಿ, 'ಎಲ್ಲ ಅಂಗಡಿಗಳಲ್ಲೂ ದೊರೆಯುತ್ತದೆ' ಎಂಬ ಭರವಸೆ ಒಂದು ಕಡೆ, 'ನಕಲಿ ಮಾಲಿಗೆ ಮೋಸಹೋಗದಿರಿ, ನಮ್ಮ ಗುರುತು ನೋಡಿ ಕೊಳ್ಳಿ' ಎಂಬ ಎಚ್ಚರಿಕೆ ಇನ್ನೊಂದು ಕಡೆ. ಲಾಂಛನಗಳು ಅಷ್ಟು ಗಟ್ಟಿಯಾಗಿ ಕಣ್ಣಿನಲ್ಲಿ ಉಳಿದದ್ದಕ್ಕೂ ಇದೇ ಕಾರಣ. ಮೈಸೂರು ಸ್ಯಾಂಡಲ್ ಸೋಪಿನ ಹೆಸರು ಓದಲು ಬಾರದವರೂ ಆನೆಮುಖ, ಸಿಂಹದ ಮೈ ಇರುವ ಶರಭನನ್ನು ನೋಡಿ ಅಸಲಿಯನ್ನು ಗುರುತಿಸಬಹುದಿತ್ತು.

ಮುಕ್ತ ತಂತ್ರಾಂಶದ ಪೋಸ್ಟರ್ ಬರೆಯಲು ಕೂತವರಿಗೆ ರಸ ಸಿಗುವುದು ಇಲ್ಲೇ. ಅದೇ ದಪ್ಪಕ್ಷರ, ಅದೇ ಠೀವಿ, ಆದರೆ ಒಕ್ಕಣೆ ಪೂರ್ತಿ ತಿರುಗುಮುರುಗು: 'ಯಾವ ಅಂಗಡಿಗೂ ಹೋಗಬೇಕಿಲ್ಲ. ನಕಲು ಮಾಡಿಕೊಳ್ಳಿ. ನೆರೆಮನೆಯವರಿಗೂ ಕೊಡಿ. ಬೇಡವೆನಿಸಿದ್ದನ್ನು ತಿದ್ದಿಕೊಳ್ಳಿ.' ಜಿಪಿಎಲ್‌ನಂಥ ಪರವಾನಗಿಯ ಕಾನೂನು ಭಾಷೆಯಲ್ಲಿ ಪುಟಗಟ್ಟಲೆ ಇರುವ ಹಕ್ಕುಗಳು ಹೀಗೆ ನಾಲ್ಕು ಸಾಲಿನಲ್ಲಿ ಸಂತೆಗೆ ಬಂದವರಿಗೂ ಅರ್ಥವಾಗುತ್ತವೆ.

ಇಂಥದ್ದನ್ನು ಕನ್ನಡದಲ್ಲಿ ಮಾಡಲು ಬಹುಕಾಲ ತೊಡಕಾಗಿದ್ದುದು ಅಕ್ಷರಗಳೇ. ಜಗತ್ತಿನ ಲಿಪಿಗಳಿಗೆಲ್ಲ ಸಮಾನ ಸಂಕೇತಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ಮುದ್ರಣದ ಕೆಲಸ ವರ್ಷಗಟ್ಟಲೆ ನಡೆದದ್ದು ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಸಂಕೇತಗಳಲ್ಲಿ. ಆ ಪಠ್ಯವನ್ನು ತಂದು ಗಿಂಪ್‌ನಲ್ಲೋ ರೇಖಾಚಿತ್ರ ಬಿಡಿಸುವ ಇಂಕ್‌ಸ್ಕೇಪ್‌ನಲ್ಲೋ ಯೂನಿಕೋಡ್ ಫಾಂಟಿಗೆ ಬದಲಿಸಿದರೆ ಕನ್ನಡದ ಬದಲು ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಪಕ್ವವಾದ ಮೇಲೆ ದಾರಿ ಸಲೀಸಾಯಿತು. ಫಾಂಟ್‌ಗಳನ್ನು ಯಾರು ಬೇಕಾದರೂ ಬಳಸಲು, ತಿದ್ದಲು ಬಿಡುವ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ 2005ರಲ್ಲಿ ಬಂದಿತ್ತು. ಅದರಡಿ ಒಂದೊಂದಾಗಿ ಕನ್ನಡದ ಅಕ್ಷರಗಳೂ ಬಂದವು. ಮುಂಬೈನ ಏಕ್ ಟೈಪ್ ಬಳಗದ ಬಲೂ ತಮ್ಮ ದುಂಡುದುಂಡಗೆ ತುಂಬಿಕೊಂಡ ಫಾಂಟ್. ಅದೇ ಬಳಗ 2022ರಲ್ಲಿ ತಂದ ಅನೇಕ್ ಕನ್ನಡವನ್ನು ಜಾಗಕ್ಕೆ ತಕ್ಕಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಅಕಾಯ ಕನಡಕ ಶೀರ್ಷಿಕೆಗೆಂದೇ ಹೇಳಿಮಾಡಿಸಿದ್ದು.

ವಿಎಲ್‌ಸಿಗೆ ಒಂದು ಪೋಸ್ಟರ್ ಮಾಡುವುದನ್ನೇ ನೋಡೋಣ. ಅದರ ಗುರುತಾದ ಕಿತ್ತಳೆ ಕೋನ್ ಬಂದದ್ದು ಪ್ಯಾರಿಸ್‌ನ ಎಕೋಲ್ ಸೆಂತ್ರಾಲ್ ವಿದ್ಯಾರ್ಥಿಗಳು ರಸ್ತೆಯ ಕೋನ್‌ಗಳನ್ನು ಕೂಡಿಹಾಕುತ್ತಿದ್ದ ಖಯಾಲಿಯಿಂದ. ಬಣ್ಣ ಮೂರೇ ಸಾಕು: ಕಿತ್ತಳೆ, ಕಡುನೀಲಿ, ಕಾಗದದ ಹಳದಿ. ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕಿತ್ತು. ಬಣ್ಣ ಹೆಚ್ಚಿದಷ್ಟೂ ಖರ್ಚು. ಹಾಗಾಗಿ ಇಂಕ್‌ಸ್ಕೇಪ್‌ನಲ್ಲೂ ಬಣ್ಣಕ್ಕೊಂದು ಪದರ ಮಾಡಿ, ಒಂದನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರೆ ಹಳೆಯ ಅಚ್ಚಿನ ಕಳೆ ಬರುತ್ತದೆ. ಚುಕ್ಕಿಚುಕ್ಕಿಯ ನೆರಳಿಗೆ ಗಿಂಪ್‌ನ ನ್ಯೂಸ್‌ಪ್ರಿಂಟ್ ಫಿಲ್ಟರ್ ಇದೆ.

ತಿಣುಕಾಟ ಇರುವುದು ಬರಹದಲ್ಲಿ. 'ಎಲ್ಲ ಚಿತ್ರಕ್ಕೂ' ಎಂದು ದಪ್ಪಗೆ ಬರೆದರೆ ಮೂರು ಒತ್ತುಗಳು ಕೆಳಗೆ ಇಳಿಬೀಳುತ್ತವೆ, ಮುಂದಿನ ಸಾಲಿನ ಗುಡಿಸು ಬಂದು ಅವಕ್ಕೆ ಢಿಕ್ಕಿ ಹೊಡೆಯುತ್ತದೆ. ಕುಂಚ ಹಿಡಿದ ಪೇಂಟರ್‌ಗಳು ಕೆಳಸಾಲಿನಲ್ಲಿ ಸಂದು ನೋಡಿ ಒತ್ತನ್ನು ಅಲ್ಲಿಗೆ ಇಳಿಬಿಡುತ್ತಿದ್ದರು, ಇಲ್ಲವೇ ಕಿರಿದು ಮಾಡುತ್ತಿದ್ದರು. ಈಗಲೂ ಉಪಾಯ ಅದೇ: ಅಕ್ಷರವನ್ನು ರೇಖೆಗಳಾಗಿ ಪರಿವರ್ತಿಸಿ, ಒತ್ತನ್ನು ಬೇರೆಯಾಗಿ ಹಿಡಿದು ಸರಿಸಬೇಕು. ಇದರಿಂದ ಇನ್ನೊಂದು ಲಾಭವೂ ಇದೆ. ಹಾಸನದಲ್ಲೋ ಚನ್ನರಾಯಪಟ್ಟಣದಲ್ಲೋ ಪ್ರೆಸ್‌ಗೆ ಕೊಟ್ಟಾಗ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಒಡೆಯುವುದಿಲ್ಲ.

ತಂತ್ರಾಂಶ ಮುಕ್ತವಾದರೂ ಅದರ ಲಾಂಛನ ಮುಕ್ತವಾಗಿರಲೇಬೇಕೆಂದಿಲ್ಲ. ಕೋನ್ ಚಿಹ್ನೆ ವಿಡಿಯೊಲ್ಯಾನ್ ಸಂಸ್ಥೆಯ ಟ್ರೇಡ್‌ಮಾರ್ಕ್. ಅದನ್ನು ಹಾಕಿ ಟೀ ಶರ್ಟ್ ಮಾರುವ ಮೊದಲು ಅವರ ನಿಯಮ ಓದಬೇಕು. ಲಿನಕ್ಸ್‌ನ ಪೆಂಗ್ವಿನ್ ಟಕ್ಸ್ ವಿಷಯದಲ್ಲಿ ಧಾರಾಳತನವಿದೆ. 1996ರಲ್ಲಿ ಲ್ಯಾರಿ ಯುಯಿಂಗ್ ಅದನ್ನು ಗಿಂಪ್‌ನಲ್ಲೇ ಬಿಡಿಸಿದರು. ಯಾರಾದರೂ ಕೇಳಿದಾಗ ತಮ್ಮ ಹೆಸರನ್ನೂ ಗಿಂಪ್‌ನ ಹೆಸರನ್ನೂ ಹೇಳಿದರೆ ಸಾಕು, ಬಳಸಿ, ತಿದ್ದಿ ಎಂದರು.

ಪೋಸ್ಟರ್ ಮಾಡಿದವರೂ ಅದೇ ಹಾದಿ ಹಿಡಿಯಬಹುದು. ಮುದ್ರಣಕ್ಕೆ ಸಿದ್ಧವಾದ ಪಿಡಿಎಫ್ ಜೊತೆಗೆ, ಅಕ್ಷರಗಳನ್ನು ರೇಖೆಯಾಗಿಸುವ ಮುಂಚಿನ ಎಸ್‌ವಿಜಿ ಕಡತವನ್ನೂ ತಿದ್ದಲು ಬಿಡುವಂಥ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಹಂಚಿದರೆ, ಅರಕಲಗೂಡಿನ ಒಂದು ಶಾಲೆಯವರು ಒಕ್ಕಣೆಯನ್ನು ತಮ್ಮ ಮಕ್ಕಳಿಗೆ ತಕ್ಕಂತೆ ತಿದ್ದಿ, ಶಾಂತಿಗ್ರಾಮದ ಗ್ರಂಥಾಲಯದವರು ತಮ್ಮ ಹೆಸರು ಸೇರಿಸಿ, ಬೇಕಾದಷ್ಟು ಪ್ರತಿ ಹಾಕಿಸಿಕೊಳ್ಳಲು ಅಡ್ಡಿಯಿಲ್ಲ.