ಹೆಸರು ಕುಮಟಾದ್ದು, ರೈಲು ಹುಬ್ಬಳ್ಳಿಯದು

ಹಿಂದೊಮ್ಮೆ ಮುಂಬಯಿ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದರೆ ಎಲ್ಲರಿಗೂ ಗೊತ್ತು. ಸೋಜಿಗವೆಂದರೆ ಆ ಹತ್ತಿ ಕುಮಟಾದಲ್ಲಿ ಬೆಳೆದದ್ದೇ ಅಲ್ಲ! ಅದು ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಎರೆಹೊಲಗಳ ಬೆಳೆ. ಹಡಗು ಏರಿದ ಬಂದರಿನ ಹೆಸರು ಸರಕಿಗೆ ಅಂಟಿಕೊಂಡಿತ್ತು, ಅಷ್ಟೆ.

ಆ ಬಂದರು ಮುಟ್ಟುವುದೇ ಒಂದು ಸಾಹಸ. ಹತ್ತಿಯ ಅಂಡಿಗೆ ಹೇರಿಕೊಂಡ ಚಕ್ಕಡಿಗಳು ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯಬೇಕು. ಬೇಸಿಗೆಯಲ್ಲಿ ಬಿಡಿಸಿದ ಹತ್ತಿ ಮುಂಗಾರಿಗೆ ಮೊದಲೇ ಮುಂಬಯಿಯ ಹಡಗು ಹತ್ತಬೇಕು. ಮಳೆ ಹಿಡಿಯಿತೋ, ಕಡಲೂ ಬಂದ್, ದಾರಿಯೂ ಬಂದ್. ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ (1861–65) ಲ್ಯಾಂಕಾಶೈರ್ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಇಲ್ಲಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಕಾರವಾರ ಬಂದರಿನ ಮೇಲೆ ಕಣ್ಣಿಟ್ಟರು. ಅಲ್ಲಿಂದ ಘಟ್ಟ ಹತ್ತುವ ರೈಲಿನ ಮಾತೂ ನಡೆಯಿತು. ಮಾತು ಮಾತಾಗಿಯೇ ಉಳಿಯಿತು.

ಕೊನೆಗೆ ರೈಲನ್ನು ತಂದದ್ದು ಹತ್ತಿಯೊಂದೇ ಅಲ್ಲ, ಹಸಿವೂ ಹೌದು. 1876–78ರ ಬರದಲ್ಲಿ ಮೇವಿಲ್ಲದೆ ಎತ್ತುಗಳು ಸತ್ತವು. ಎಲ್ಲೋ ಇದ್ದ ಕಾಳು ಹಸಿದ ಊರಿಗೆ ಬರಲು ಗಾಡಿಯೇ ಇಲ್ಲ. ಈ ಪಾಠದ ಬಳಿಕ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1888ರ ಹೊತ್ತಿಗೆ ಹುಬ್ಬಳ್ಳಿಯ ಸರಕು ಕ್ಯಾಸಲ್‌ರಾಕ್ ಘಟ್ಟ ಇಳಿದು ಪೋರ್ಚುಗೀಸರ ಮಾರ್ಮಗೋವಾ ಬಂದರಿಗೆ ನೇರ ಹೋಗುವಂತಾಯಿತು. ಮುಂಬಯಿ ಕಡೆ ಹೊರಟದ್ದಕ್ಕೆ ಮಾತ್ರ ಹೊಟಗಿಯಲ್ಲಿ ತೊಡಕು: ಇತ್ತಲಿನದು ಮೀಟರ್‌ಗೇಜ್, ಅತ್ತಲಿನದು ಬ್ರಾಡ್‌ಗೇಜ್. ಇಳಿಸು, ಮತ್ತೆ ಏರಿಸು! ಹಮಾಲರಿಗೆ ಕೂಲಿ, ವ್ಯಾಪಾರಿಗೆ ಖರ್ಚು.

ಹುಬ್ಬಳ್ಳಿಯ ದೆಸೆ ತಿರುಗಿತು. ರೈಲ್ವೆ ವರ್ಕ್‌ಶಾಪ್ ಬಂತು. ಹುಬ್ಬಳ್ಳಿ, ಗದಗಗಳಲ್ಲಿ ಹತ್ತಿ ಬಿಡಿಸುವ ಜಿನ್ನುಗಳು, ಅಂಡಿಗೆ ಒತ್ತುವ ಪ್ರೆಸ್ಸುಗಳು ಎದ್ದವು. ಉಬ್ಬಿದ ಹತ್ತಿ ವ್ಯಾಗನ್ನಿನಲ್ಲಿ ಜಾಗ ತಿನ್ನುತ್ತದೆ. ಒತ್ತಿ ಬಿಗಿದರೆ ಅದೇ ಜಾಗದಲ್ಲಿ ಹೆಚ್ಚು ಮಾಲು ಹೋಗುತ್ತದೆ. ರೈತನ ಊರಿನ ಹತ್ತಿರವೇ ಯಂತ್ರ ಕೂತದ್ದಕ್ಕೆ ಇದೂ ಒಂದು ಕಾರಣ.

ಆದರೆ ಹತ್ತಿ ಒಯ್ದ ವ್ಯಾಗನ್ನುಗಳು ಬರಿದೇ ಮರಳಲಿಲ್ಲ. ಗಿರಣಿ ನೂಲು, ಗಿರಣಿ ಬಟ್ಟೆ ಹೊತ್ತು ತಂದವು. ನೇಕಾರ ಆ ನೂಲನ್ನೇ ಮಗ್ಗಕ್ಕೆ ಹಾಕಿ ಹೇಗೋ ಬದುಕಿಕೊಂಡ. ಮನೆಯಲ್ಲಿ ರಾಟಿ ತಿರುಗಿಸಿ ನಾಲ್ಕು ಕಾಸು ಕಾಣುತ್ತಿದ್ದ ಹೆಂಗಸರಿಗೆ ಆ ದಾರಿಯೂ ಇರಲಿಲ್ಲ. ರೈಲಿನ ಲಾಭದ ಲೆಕ್ಕ ಬರೆದವರು ಈ ಬಾಬತ್ತನ್ನು ಬರೆಯುವುದು ಕಡಿಮೆ.

ಕುಮಟಾ? ಚಕ್ಕಡಿಗಳ ಸಾಲು ಕರಗಿತು, ಹತ್ತಿಯ ಹಡಗುಗಳು ಕಡಿಮೆಯಾದವು. ಹತ್ತಿಯ ಹೆಸರು ಮಾತ್ರ ಪೇಟೆಯಲ್ಲಿ ಹಾಗೆಯೇ ನಡೆಯಿತು. ಊರಿಗೆ ರೈಲು ಬಂದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯೊಂದಿಗೆ. ಅದೂ ಕಡಲ ದಂಡೆಗುಂಟ ಹೋಗುವ ದಾರಿ, ಹತ್ತಿಯ ಊರುಗಳತ್ತ ಘಟ್ಟ ಹತ್ತುವುದಲ್ಲ.